ಸೋರುವ ಗಡಿಗೆಗಳ ಚಕ್ರ

“ಲೆಕ್ಕದಲ್ಲಿ ತಪ್ಪಿಲ್ಲ, ಗುರುಗಳೇ. ಹಾಗಾದರೆ ಮಳೆ ಯಾಕೆ ಬಂತು?”

ಸುಬ್ರಾಯ ಹೀಗೆ ಕೇಳಿದಾಗ ಶಂಭು ಜೋಯಿಸರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತಿ ಶಿಷ್ಯನನ್ನು ನೋಡಿದರು. ಅವನ ಮುಖ ಸೊರಗಿತ್ತು, ಕಣ್ಣು ಕೆಂಪಗಾಗಿದ್ದವು, ಕೈಯಲ್ಲಿ ಲೆಕ್ಕದ ಹಲಗೆ ಇತ್ತು, ಬೆರಳಿಗೆಲ್ಲ ಬಳಪದ ಪುಡಿ ಮೆತ್ತಿತ್ತು. ನಿಂತಲ್ಲಿ ನಿಲ್ಲಲಾರದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದ.

ಜೋಯಿಸರು ಕಡಲ ದಂಡೆಯ ಆ ಊರಿನಲ್ಲಿ ಗಣಿತ ಕಲಿಸುವವರು. ಸುಬ್ರಾಯ ಅವರ ಶಿಷ್ಯರಲ್ಲೆಲ್ಲ ಚುರುಕು. ಹೋದ ವರ್ಷದ ಗ್ರಹಣವನ್ನು ಗಳಿಗೆ ತಪ್ಪದಂತೆ ಹೇಳಿ ಊರವರಿಂದ ಭೇಷ್ ಅನ್ನಿಸಿಕೊಂಡಿದ್ದ. ಆಮೇಲೆ ಕಡಲ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ ಉಪ್ಪು ತೆಗೆಯುವ ಆಗರದವರು ಬಂದು ಕೇಳಿದರು: ಗ್ರಹಣ ಹೇಳಿದವನು ಮಳೆ ಹೇಳಲಾರೆಯಾ? ಅವನಿಗೂ ಹುರುಪು ಬಂತು. ಗಾಳಿ, ಸೆಕೆ, ಮೋಡ ಎಲ್ಲವನ್ನೂ ಅಳೆದು ಅಂಕಿಗಳಾಗಿಸಿದ. ಇಂದಿನ ಅಂಕಿಯಿಂದ ನಾಳೆಯದನ್ನು, ನಾಳೆಯದರಿಂದ ನಾಡಿದ್ದಿನದನ್ನು ತೆಗೆಯುವ ಒಂದು ಲೆಕ್ಕ ಕಟ್ಟಿದ. ಹುಣ್ಣಿಮೆಯವರೆಗೆ ಒಂದು ಹನಿಯೂ ಬೀಳುವುದಿಲ್ಲ, ಉಪ್ಪಿನ ರಾಶಿಗೆ ತೆಂಗಿನ ಸೋಗೆ ಹೊದಿಸುವ ಕೆಲಸ ಬೇಡ ಎಂದು ಹೇಳಿದ. ಅವರು ನಂಬಿದರು. ಹುಣ್ಣಿಮೆಗೆ ಮೊದಲೇ ಮಳೆ ಹೊಯ್ದು, ರಾಶಿ ರಾಶಿ ಉಪ್ಪು ಕರಗಿ ಸಮುದ್ರದ ಪಾಲಾಯಿತು.

ಈಗ ಆಗರದ ಹಿರಿಯಳಾದ ಬೀರಮ್ಮ ಮತ್ತೆ ಬಂದು ಜಗಲಿಯ ಮೇಲೆ ಕುಳಿತಿದ್ದಳು. ಗದ್ದೆಗಳಲ್ಲಿ ಈ ವರ್ಷದ ಕೊನೆಯ ಉಪ್ಪು ಕಟ್ಟುತ್ತಿತ್ತು. ಇವತ್ತೇ ಬಾಚಿದರೆ ಅರೆಬರೆ ಬೆಳೆ. ಮೂರು ನಾಲ್ಕು ದಿನ ಬಿಟ್ಟರೆ ತುಂಬು ಬೆಳೆ. ಬಿಟ್ಟಾಗ ಮಳೆ ಬಿದ್ದರೆ ಆಗರದವರಿಗೆ ವರ್ಷವಿಡೀ ಮಣ್ಣೇ ಗತಿ. “ಬಾಚೋದಾ, ಬಿಡೋದಾ, ಒಂದು ಮಾತು ಹೇಳಪ್ಪಾ” ಎಂದು ಅವಳು ಕೇಳಿದ್ದಳು. “ತಡೆಯಮ್ಮಾ, ಲೆಕ್ಕ ಮುಗಿಯಲಿ” ಎಂದು ಸುಬ್ರಾಯ ಒಳಗೆ ಹೋದವನು ಬೆಳಗಿನಿಂದ ಹೊರಗೆ ಬಂದಿರಲಿಲ್ಲ. ಬಂದದ್ದು ಈಗ, ಅದೂ ಗುರುಗಳ ಬಳಿಗೆ.

“ತಪ್ಪಿಲ್ಲ ಅಂದೆಯಲ್ಲ. ಮತ್ತೇಕೆ ಈ ಅವತಾರ?” ಎಂದರು ಜೋಯಿಸರು.

ಸುಬ್ರಾಯ ಗಡಗಡನೆ ಹೇಳಿದ. ಹಳೆಯ ಲೆಕ್ಕವನ್ನು ಮತ್ತೆ ತೆಗೆದು ನೋಡಿದ್ದಾನೆ. ಗುಣಾಕಾರ ಸರಿ, ಭಾಗಾಕಾರ ಸರಿ. ಮೊದಲ ದಿನದ ಅಂಕಿಯ ಬಾಲದಲ್ಲಿ ಒಂದು ಚೂರು ಭಿನ್ನರಾಶಿ ಇತ್ತು. ಇಷ್ಟರಿಂದ ಏನಾದೀತು ಎಂದು ಅಂದು ಅದನ್ನು ಬಿಟ್ಟಿದ್ದ. ಈಗ ಅದನ್ನು ಸೇರಿಸಿ ಮಾಡಿದರೆ ಮೊದಲ ಕೆಲವು ದಿನ ಎರಡು ಲೆಕ್ಕವೂ ಒಂದೇ. ಆಮೇಲೆ ಸ್ವಲ್ಪ ಬೇರೆ. ಆಮೇಲೆ ಒಂದು ಸುಡುಬಿಸಿಲು ಅನ್ನುತ್ತದೆ, ಇನ್ನೊಂದು ಜಡಿಮಳೆ ಅನ್ನುತ್ತದೆ. ಇನ್ನೂ ಸೂಕ್ಷ್ಮವಾದ ಚೂರನ್ನು ಸೇರಿಸಿದರೆ ಮೂರನೆಯದೇ ಒಂದು ಉತ್ತರ.

“ಗ್ರಹಣದಲ್ಲಿ ಹೀಗೆ ಆಗಲೇ ಇಲ್ಲ. ಅಲ್ಲೂ ಚೂರುಪಾರು ಬಿಟ್ಟಿದ್ದೆ. ಈಗ ಇನ್ನೂ ನಾಲ್ಕು ಅಂಕಿ ಹೆಚ್ಚು ಹಿಡಿದು ಬುಡದಿಂದ ಮಾಡುತ್ತೇನೆ. ಈ ಸಲ ಸಿಕ್ಕೇ ಸಿಗುತ್ತದೆ.”

“ಕೂತುಕೋ.”

“ಕೂರಲು ಪುರಸೊತ್ತಿಲ್ಲ ಗುರುಗಳೇ.”

“ಹಾಗಾದರೆ ನಿಂತೇ ಕೇಳು. ಕಾಲು ನಿನ್ನದು, ನನಗೇನು?” ಎಂದು ಜೋಯಿಸರು ಎಲೆ ಬಾಯಿಗಿಟ್ಟುಕೊಂಡು ಕತೆ ಶುರು ಮಾಡಿದರು.

ಒಂದು ಬೆಟ್ಟ. ಅದರ ಬಂಡೆಯಿಂದ ಒಂದು ಒರತೆ ಧುಮುಕುತ್ತಿತ್ತು. ಕೆಳಗೆ ಒಂದು ಊರು. ಊರ ನಡುವೆ ಹಳ್ಳ. ಹಳ್ಳದ ಬಲಕ್ಕೆ ಒಂದಷ್ಟು ಮನೆ, ಎಡಕ್ಕೆ ಒಂದಷ್ಟು ಮನೆ. ಎರಡು ದಂಡೆಯವರೂ ಕಾಯಿಪಲ್ಲೆ ಬೆಳೆಯುವವರು. ಬೇಸಿಗೆ ಬಂತೆಂದರೆ ಒರತೆಯ ನೀರಿಗೆ ಜಗಳ. ಇವರು ತಮ್ಮ ಕಡೆಗೆ ತಿರುಗಿಸಿಕೊಂಡು ಮನೆಗೆ ಹೋಗುವಷ್ಟರಲ್ಲಿ ಅವರು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ನೆಲ ಅಗೆಯಬೇಕಾದ ಗುದ್ದಲಿಗಳು ತಲೆಯ ಮಟ್ಟಕ್ಕೆ ಏಳುತ್ತಿದ್ದವು.

ಆ ಊರಿನಲ್ಲಿ ಒಬ್ಬ ಹಿರಿಯನಿದ್ದ. ಅವನು ಒರತೆಯ ಕೆಳಗೆ ಒಂದು ದೊಡ್ಡ ಮರದ ಚಕ್ರ ನಿಲ್ಲಿಸಿದ. ಚಕ್ರದ ಸುತ್ತ ಮಣ್ಣಿನ ಗಡಿಗೆಗಳನ್ನು ತೂಗುಹಾಕಿದ. ಪ್ರತಿ ಗಡಿಗೆಯ ತಳಕ್ಕೂ ಒಂದು ತೂತು. ನೀರು ಮೇಲಿನ ಗಡಿಗೆಗೆ ಬೀಳುತ್ತದೆ. ತುಂಬಿದ ಗಡಿಗೆ ಭಾರಕ್ಕೆ ಕೆಳಗಿಳಿಯುತ್ತದೆ. ಇಳಿಯುತ್ತ ಸೋರುತ್ತದೆ. ಹಗುರಾಗಿ ಆ ಕಡೆಯಿಂದ ಮೇಲೇರುತ್ತದೆ. ಇಷ್ಟೇ. ಚಕ್ರ ಬಲಕ್ಕೆ ತಿರುಗಿದಷ್ಟು ಹೊತ್ತು ನೀರು ಬಲದ ಕಾಲುವೆಗೆ, ಎಡಕ್ಕೆ ತಿರುಗಿದಷ್ಟು ಹೊತ್ತು ಎಡದ ಕಾಲುವೆಗೆ.

ಒಂದೇ ಕಡೆ ತಿರುಗುತ್ತ ಇರಬೇಕಲ್ಲ ಅನ್ನುತ್ತೀಯಾ? ಇರುವುದಿಲ್ಲ. ಚಕ್ರದ ಓಟ ಜೋರಾದರೆ ಗಡಿಗೆಗಳಿಗೆ ತುಂಬಲೂ ಹೊತ್ತು ಸಾಲದು, ಸೋರಲೂ ಹೊತ್ತು ಸಾಲದು. ಅರ್ಧ ಸೋರಿದ ಗಡಿಗೆಗಳು ಭಾರ ಹೊತ್ತುಕೊಂಡೇ ಮೇಲೇರಬೇಕಾಗುತ್ತದೆ. ಆಗ ಚಕ್ರ ನಿಧಾನವಾಗುತ್ತದೆ. ನಿಲ್ಲುತ್ತದೆ. ಅನುಮಾನಿಸುತ್ತದೆ. ಹಿಂದಕ್ಕೆ ಹೊರಳುತ್ತದೆ. ಒಮ್ಮೊಮ್ಮೆ ಹೊರಳಿದಂತೆ ಮಾಡಿ ಮುಂದಕ್ಕೇ ಹೋಗಿಬಿಡುತ್ತದೆ.

ಬೆಳಿಗ್ಗೆ ಎರಡು ದಂಡೆಯ ಹಿರಿಯರೂ ಸೇರಿ ಗಡಿಗೆಗಳನ್ನೆಲ್ಲ ಬರಿದು ಮಾಡಿ, ಒಂದನ್ನು ಮಾತ್ರ ಅಳತೆಯ ನೀರಿನಿಂದ ತುಂಬಿಸಿ, ಶಂಖ ಊದಿ ಚಕ್ರವನ್ನು ಬಿಡುವುದು ವಾಡಿಕೆ. ಇಂದು ಬಲಗಡೆಯ ಗಡಿಗೆ, ನಾಳೆ ಎಡಗಡೆಯದು. ಬಿಟ್ಟ ಮೇಲೆ ಕತ್ತಲಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಬಿಡುವ ಬಗೆ ಒಂದೇ, ನೀರಿನ ಅಳತೆ ಒಂದೇ. ಆದರೂ ಒಂದು ದಿನದ ಓಟ ಇನ್ನೊಂದು ದಿನದ ಹಾಗೆ ಇರಲಿಲ್ಲ. ಒಂದು ದಿನ ಮಧ್ಯಾಹ್ನದವರೆಗೆ ಬಲಕ್ಕೇ. ಇನ್ನೊಂದು ದಿನ ಗಳಿಗೆಗೊಮ್ಮೆ ಅತ್ತ, ಗಳಿಗೆಗೊಮ್ಮೆ ಇತ್ತ. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ನೋಡಿದರೆ ಎರಡು ದಂಡೆಯ ಮಣ್ಣೂ ಹೆಚ್ಚು ಕಡಿಮೆ ಸಮನಾಗಿ ನೀರು ಕುಡಿದಿರುತ್ತಿತ್ತು. ಬೈಯಬೇಕೆಂದರೆ ಚಕ್ರವನ್ನು ಬೈಯಬೇಕು. ಅದಕ್ಕೆ ಕಿವಿ ಇಲ್ಲ. ಜಗಳ ತಣ್ಣಗಾಯಿತು.

ಒಂದು ಕಷ್ಟ ಮಾತ್ರ ಉಳಿಯಿತು, ಕಾಯುವುದು. ನೀರು ಬಂದಾಗ ತೋಟದ ಮಡೆ, ಎಂದರೆ ಕಾಲುವೆಯಿಂದ ತೋಟಕ್ಕೆ ತೆರೆಯುವ ಬಾಯಿ, ಬಿಚ್ಚಬೇಕು. ತೋಟ ತುಂಬಿದ ಕೂಡಲೇ ಮಡೆಗೆ ಮಣ್ಣು ಹಾಕಿ ಕಟ್ಟಬೇಕು. ಬಿಚ್ಚದಿದ್ದರೆ ಕಾಲುವೆಯ ಏರಿ ಒಡೆದು ನೀರು ಸಿಕ್ಕಲ್ಲಿ ನುಗ್ಗಿ ಪಾತಿ ಕೊಚ್ಚಿಹೋಗುತ್ತದೆ. ಆದ್ದರಿಂದ ಮನೆಗೆ ಒಬ್ಬರು ಗುದ್ದಲಿ ಹಿಡಿದು ಮಡೆಯ ಹತ್ತಿರ ಕೂರಲೇಬೇಕು. ಜನ ಕೂತರು. ಹರಟೆ ಹೊಡೆದರು, ಬುಟ್ಟಿ ಹೆಣೆದರು, ತೂಕಡಿಸಿದರು.

ಬಲದಂಡೆಯಲ್ಲಿ ಒಬ್ಬ ಬಡಗಿ ಇದ್ದ. ಅವನಿಗೆ ಕೂರಲು ಆಗುತ್ತಿರಲಿಲ್ಲ. ಹಾಲು ಉಕ್ಕುವವರೆಗೂ ಒಲೆಯ ಮುಂದೆ ನಿಲ್ಲಲಾರದ ಮನುಷ್ಯ ಅವನು. ಮಡೆಯ ಬಳಿ ಕೂತರೆ ಅವನ ಮೈಯೆಲ್ಲ ಇರುವೆ ಹತ್ತಿದಂತಾಗುತ್ತಿತ್ತು. ಎದ್ದು ಕಾಲುವೆ ನೋಡುವನು, ಕೂರುವನು, ಮತ್ತೆ ಏಳುವನು. “ಬರುತ್ತದೋ ಇಲ್ಲವೋ, ಅದೊಂದು ತಿಳಿದುಬಿಟ್ಟರೆ ಸಾಕು” ಎಂದು ಹೆಂಡತಿಯ ಮುಂದೆ ದಿನಾ ಗೋಳಾಡುವನು. “ಬಂದಾಗ ಕಾಣಿಸುತ್ತದಲ್ಲ, ಕಣ್ಣಿಲ್ಲವಾ ನಿಮಗೆ?” ಎಂದು ಅವಳು ರೇಗುವಳು.

ಒಂದು ದಿನ ಅವನಿಗೆ ಹೊಳೆಯಿತು. ಆ ಚಕ್ರವೇನು ದೇವರೇ? ಮರ, ಮಣ್ಣು, ನೀರು. ತುಂಬಿದ್ದು ಇಳಿಯುತ್ತದೆ, ಬರಿದಾದದ್ದು ಏರುತ್ತದೆ. ನಾನು ಬಡಗಿ. ಅಂಥದೇ ಒಂದು ಚಕ್ರವನ್ನು ಚಿಕ್ಕದಾಗಿ ಮಾಡಿ ಹಿತ್ತಲಲ್ಲಿ ಇಟ್ಟರೆ? ಚಿಕ್ಕ ಚಕ್ರ ದೊಡ್ಡದಕ್ಕಿಂತ ಬೇಗ ಓಡುತ್ತದೆ. ದೊಡ್ಡದು ಸಂಜೆಯವರೆಗೆ ಮಾಡುವುದನ್ನೆಲ್ಲ ಚಿಕ್ಕದು ಮಧ್ಯಾಹ್ನಕ್ಕೇ ಮಾಡಿ ತೋರಿಸುತ್ತದೆ!

ಮಾಡಿದ. ಕೈಯಲ್ಲಿ ಒಳ್ಳೆಯ ಕಸುಬಿತ್ತು. ಅದೇ ಜಾತಿಯ ಮರ ತಂದ, ಅದೇ ಕುಂಬಾರನಿಂದ ಅಳತೆ ಕೊಟ್ಟು ಪುಟ್ಟ ಪುಟ್ಟ ಗಡಿಗೆ ಮಾಡಿಸಿದ. ಮೇಲೆ ಒಂದು ಹಂಡೆ ಕಟ್ಟಿ ಅದರಿಂದ ನೀರಿನ ಎಳೆ ಬೀಳುವಂತೆ ಮಾಡಿದ. ಬೆಳಿಗ್ಗೆ ಶಂಖ ಊದಿದಾಗಲೇ ಹಿತ್ತಲ ಚಕ್ರವನ್ನೂ ಬಿಟ್ಟ. ಅದು ಬಲಕ್ಕೆ ತಿರುಗಿತು, ನಿಂತಿತು, ಎಡಕ್ಕೆ ಹೊರಳಿತು. ಸ್ವಲ್ಪ ಹೊತ್ತಿಗೆ ದೊಡ್ಡ ಚಕ್ರವೂ ಹಾಗೇ ಮಾಡಿತು. ಮತ್ತೊಂದು ಹೊರಳು ಚಿಕ್ಕದರಲ್ಲಿ ಕಂಡಿತು, ದೊಡ್ಡದರಲ್ಲೂ ಬಂತು. ಬಡಗಿ ಕುಣಿದುಬಿಟ್ಟ. ಹೆಂಡತಿಯ ಕೈ ಹಿಡಿದು ಹಿತ್ತಲಿಗೆ ಎಳೆದು ತಂದ. ಅವಳೂ ಮೂಗಿನ ಮೇಲೆ ಬೆರಳಿಟ್ಟಳು.

ಸುದ್ದಿ ಹಬ್ಬಿತು. ಬಲದಂಡೆಯವರೆಲ್ಲ ಅವನ ಬೇಲಿಯ ಹತ್ತಿರ ಬಂದು ಕೇಳತೊಡಗಿದರು. ಅವನು ಹೇಳಿದ. ಬೆಳಗಿನ ಮಾತು ಬೆಳಗಿನಲ್ಲೇ ನಿಜವಾಯಿತು. ಜನ ಗುದ್ದಲಿ ಕೆಳಗಿಟ್ಟರು. ಸಂತೆಗೆ ಹೋದರು, ನೆಂಟರ ಮನೆಗೆ ಹೋದರು. ಬಡಗಿಯಣ್ಣ ಇದ್ದಾನಲ್ಲ ಎಂದರು.

ಒಂದು ಮಧ್ಯಾಹ್ನ ಅವನು, ಸಂಜೆವರೆಗೂ ನೀರು ಎಡದಂಡೆಗೇ, ನಮ್ಮ ಕಡೆ ಬರುವುದಿಲ್ಲ ಎಂದ. ಯಾರೂ ಮಡೆಯ ಹತ್ತಿರ ಇರಲಿಲ್ಲ. ನೀರು ಬಂತು. ಪಕ್ಕದ ಮನೆಯ ಮುದುಕಿ ಅಂದು ಬೆಳಿಗ್ಗೆಯಷ್ಟೇ ಈರುಳ್ಳಿ ಸಸಿ ನೆಟ್ಟಿದ್ದಳು. ಪಾತಿಗೆ ಪಾತಿಯೇ ಹಳ್ಳಕ್ಕೆ ಹೋಯಿತು. ಸಂಜೆ ಅವಳು ಒಂದು ಹಿಡಿ ಕೆಸರನ್ನು, ಅದರಲ್ಲಿ ಸಿಕ್ಕಿಕೊಂಡ ನಾಲ್ಕು ಸಸಿಗಳ ಸಮೇತ ತಂದು ಬಡಗಿಯ ಹೊಸ್ತಿಲ ಮೇಲಿಟ್ಟು ಹೋದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಜೋಯಿಸರು ಇಲ್ಲಿ ಎದ್ದು ಹೋಗಿ ಎಲೆ ಉಗುಳಿ ಬಂದರು. ಸುಬ್ರಾಯ ತಲೆ ತಗ್ಗಿಸಿ ನಿಂತಿದ್ದ. ಜಗಲಿಯಲ್ಲಿ ಬೀರಮ್ಮ ಕೆಮ್ಮಿದ್ದು ಕೇಳಿಸಿತು. ಅವಳೂ ಬೈದಿರಲಿಲ್ಲ. ಕರಗಿಹೋದ ರಾಶಿಯ ವಿಷಯ ಎತ್ತಿಯೇ ಇರಲಿಲ್ಲ.

ಬಡಗಿ ಏನು ಮಾಡಿದ ಗೊತ್ತೇ? ಎಂದು ಜೋಯಿಸರು ಮುಂದುವರಿಸಿದರು. ಬಡಗಿ ಮಾಡುವುದನ್ನೇ ಮಾಡಿದ. ಅವನು ಹುಟ್ಟಿದಾಗಿನಿಂದ ಬಾಗಿಲು, ಗಾಡಿ, ರಾಟೆ ಮಾಡಿದವನು. ಬಾಗಿಲ ಚೌಕಟ್ಟಿನಲ್ಲಿ ನೂಲೆಳೆಯಷ್ಟು ತಪ್ಪಿದರೆ ಬಾಗಿಲು ನೂಲೆಳೆಯಷ್ಟು ಮಾತ್ರ ಓರೆಯಾಗುತ್ತದೆ. ಕೆತ್ತಿ ಸರಿ ಮಾಡಿದರೆ ಮುಗಿಯಿತು. ಇಲ್ಲೂ ಹಾಗೇ ಅಂದುಕೊಂಡ. ಗಡಿಗೆಗಳನ್ನೆಲ್ಲ ಬಿಚ್ಚಿ ತೂಗಿದ. ಒಂದು ಗಡಿಗೆ ಒಂದು ಅಕ್ಕಿಕಾಳಿನಷ್ಟು ಭಾರ ಹೆಚ್ಚಿತ್ತು. ಸಿಕ್ಕಿತು ಕಳ್ಳ! ಎಂದು ಉಜ್ಜಿ ಸರಿ ಮಾಡಿದ. ಮರುದಿನ ಚಿಕ್ಕ ಚಕ್ರ ಹಿಂದಿಗಿಂತ ತುಸು ಹೆಚ್ಚು ಹೊತ್ತು ದೊಡ್ಡದರ ಜೊತೆಗೆ ಹೋಯಿತು. ಆಮೇಲೆ ದಾರಿ ಬಿಟ್ಟಿತು.

ತೂತುಗಳನ್ನು ಸೂಜಿಯಿಂದ ಅಳೆದ. ಚಕ್ರದ ಅಚ್ಚಿನ ಎಣ್ಣೆ ಬದಲಾಯಿಸಿದ. ಬೀಳುವ ನೀರಿನ ಎಳೆಯನ್ನು ಕೂದಲೆಳೆಯಷ್ಟು ಇತ್ತ ಸರಿಸಿದ, ಅತ್ತ ಸರಿಸಿದ. ತಪ್ಪು ಮೊದಲಿದ್ದುದರ ಹತ್ತರಲ್ಲೊಂದು ಪಾಲಾಯಿತು. ಫಲ? ಇನ್ನೊಂದು ಹೊರಳು ಹೆಚ್ಚು ಹೊಂದಿತು, ಅಷ್ಟೇ. ಆ ಹತ್ತರಲ್ಲೊಂದನ್ನೂ ಹತ್ತರಲ್ಲೊಂದು ಮಾಡಲು ಅವನಿಗೆ ತಿಂಗಳುಗಟ್ಟಲೆ ಹಿಡಿಯಿತು. ಅದರ ಫಲ? ಮತ್ತೊಂದು ಹೊರಳು.

“ಹಾಗೇ ಬಿಡದೆ ಮಾಡುತ್ತ ಹೋದರೆ...” ಎಂದು ಸುಬ್ರಾಯ ಬಾಯಿ ಹಾಕಿದ.

“ಹೋದರೆ ಅವನ ಆಯಸ್ಸು ಮುಗಿದೀತು, ಸಂಜೆಯ ಹೊರಳು ಸಿಕ್ಕೀತೇ?” ಎಂದು ಜೋಯಿಸರು ಗದರಿದರು. “ಬಾಗಿಲಿನಲ್ಲಿ ತಪ್ಪು ಇದ್ದಲ್ಲೇ ಇರುತ್ತದೆ ಮಾರಾಯಾ. ಆ ಚಕ್ರದಲ್ಲಿ ತಪ್ಪು ಮರಿ ಹಾಕುತ್ತದೆ. ಮರಿಗಳೂ ಮರಿ ಹಾಕುತ್ತವೆ. ಸುಮ್ಮನೆ ಕೇಳು.”

ಬಡಗಿಗೆ ಅದು ತಿಳಿಯಲಿಲ್ಲ. ದೊಡ್ಡ ಚಕ್ರದಲ್ಲೇ ಏನೋ ಮೋಸ ಇದೆ, ಹಿರಿಯ ಅದರಲ್ಲಿ ಏನನ್ನೋ ಬಚ್ಚಿಟ್ಟಿದ್ದಾನೆ ಅನ್ನಿಸಿತು. ಖಾತ್ರಿ ಮಾಡಿಕೊಳ್ಳಲು ಹಿತ್ತಲಲ್ಲಿ ಇನ್ನೊಂದು ಚಿಕ್ಕ ಚಕ್ರ ಮಾಡಿದ. ಮೊದಲನೆಯದರ ಅವಳಿ. ಒಂದೇ ಮರದ ಎರಡು ಸೀಳು, ಕುಂಬಾರನ ಒಂದೇ ಆವಿಗೆಯಲ್ಲಿ ಬೆಂದ ಗಡಿಗೆಗಳು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಒಟ್ಟಿಗೆ ಬಿಟ್ಟ. ಎರಡೂ ಒಂದೇ ಹೆಜ್ಜೆ ಹಾಕುತ್ತ ತಿರುಗಿದವು. ಒಟ್ಟಿಗೆ ನಿಂತವು, ಒಟ್ಟಿಗೆ ಹೊರಳಿದವು. ಬಡಗಿ ಉಸಿರು ಹಿಡಿದು ನೋಡುತ್ತಿದ್ದ. ಬಿಸಿಲೇರುವ ಹೊತ್ತಿಗೆ ಒಂದು ತುಸು ಹಿಂದೆ ಬಿತ್ತು. ಮುಂದಿನ ನಿಲುಗಡೆಯಲ್ಲಿ ಒಂದು ಬಲಕ್ಕೆ ಹೋಯಿತು, ಇನ್ನೊಂದು ಎಡಕ್ಕೆ. ಅಲ್ಲಿಂದಾಚೆ ಅವೆರಡಕ್ಕೂ ಪರಿಚಯವೇ ಇರಲಿಲ್ಲ.

ಎರಡನ್ನೂ ಮಾಡಿದವನು ತಾನೇ. ಇನ್ನು ಯಾರನ್ನು ದೂರುವುದು? ಅವನಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಆಗಲೇ ಅವನು ಕಂಡದ್ದು, ಒಂದು ನೊಣ ಗಡಿಗೆಯ ಅಂಚಿನ ಮೇಲೆ ಕೂತು ಎದ್ದು ಹೋಯಿತು. ಓಹೋ! ಎಂದ. ಹಿತ್ತಲಿಗೆ ಚಾಪೆ ಕಟ್ಟಿದ. ಗಾಳಿ ಬರಬಾರದೆಂದು ಚಾಪೆಯ ಮೇಲೆ ಚಾಪೆ ಕಟ್ಟಿದ. ನೆಲ ಅದುರುತ್ತದೆಂದು ಹೆಂಡತಿಗೆ ಭತ್ತ ಕುಟ್ಟಬೇಡ ಎಂದ. ಮೆಲ್ಲಗೆ ನಡಿ ಎಂದ. ಬಾಗಿಲು ಹಾಕಬೇಡ, ಪಾತ್ರೆ ಇಡುವಾಗ ಸದ್ದು ಮಾಡಬೇಡ ಎಂದ. ತನ್ನ ಉಸಿರು ತಾಗುತ್ತದೆಂದು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡ.

“ನಾನೂ ಉಸಿರಾಡೋದು ಬಿಡಲಾ? ಹೇಳಿ, ಅದನ್ನೂ ಬಿಡ್ತೀನಿ!” ಎಂದು ಹೆಂಡತಿ ಒನಕೆ ಎಸೆದು ಅತ್ತುಬಿಟ್ಟಳು. ಅವಳ ಅಳು ಅವನ ಕಿವಿಗೆ ಬೀಳಲಿಲ್ಲ. ಒನಕೆ ಬಿದ್ದ ಅದುರಿಗೆ ಯಾವ ಗಡಿಗೆ ಅಲುಗಿತೆಂದು ನೋಡುತ್ತಿದ್ದ.

ಊರವರು ಅವನನ್ನು ಕೇಳುವುದನ್ನು ಬಿಟ್ಟಿದ್ದರು. ಮತ್ತೆ ಗುದ್ದಲಿ ಹಿಡಿದು ಮಡೆಯ ಹತ್ತಿರ ಕೂರುತ್ತಿದ್ದರು. ಅವನ ಮಡೆಯಲ್ಲಿ ಹೆಂಡತಿ ಕೂರುತ್ತಿದ್ದಳು. ಅವರ ತೋಟದಲ್ಲಿ ಆಗ ಬದನೆ ಹೂ ಬಿಟ್ಟಿತ್ತು, ಹೀರೆ ಚಪ್ಪರಕ್ಕೆ ಹಬ್ಬುತ್ತಿತ್ತು. ಬಡಗಿ ಕಸುಬು ಬಿಟ್ಟು ಕೂತಿದ್ದರಿಂದ ಇಬ್ಬರ ಊಟಕ್ಕೆ ಉಳಿದದ್ದು ಆ ತೋಟ ಒಂದೇ.

ಒಂದು ದಿನ ಹೆಂಡತಿಯ ತವರಿನಿಂದ ಕರೆ ಬಂತು. ತಾಯಿಗೆ ಹುಷಾರಿಲ್ಲ. ಅವಳು ಬಂದು ಕೇಳಿದಳು: “ನಾನು ಹೋಗಿ ಬರ್ತೀನಿ. ಮಡೆ ನೋಡ್ಕೋತೀರಾ?” ಬಡಗಿ ಚಕ್ರದಿಂದ ಕಣ್ಣು ತೆಗೆಯದೆ, “ಹೋಗು. ಇವತ್ತು ಹೇಗೂ ನೀರು ಬರುವುದಿಲ್ಲ” ಎಂದ. ಅವಳು ಹೊರಟಳು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮುದುಕಿ ತನ್ನ ಮಡೆ ಬಿಚ್ಚುತ್ತ ಬೇಲಿಯಾಚೆಯಿಂದ ಕೂಗಿದಳು: “ಬಡಗಿಯಣ್ಣಾ, ನೀರು ಬಂತು!”

ಬಡಗಿ ತಲೆ ಎತ್ತಲಿಲ್ಲ. “ಬಂದಿಲ್ಲ ಅಜ್ಜೀ. ಚಕ್ರ ಎಡಕ್ಕಿದೆ” ಎಂದ.

“ಅಯ್ಯೋ ಬಂತು ಅಂದ್ರೆ ಬಂತು! ಎದ್ದೇಳೋ!”

“ಬರುವುದಿಲ್ಲ ಅಂದೆನಲ್ಲ!” ಎಂದು ಅವನು ಮೂಗಿನ ಬಟ್ಟೆ ಸರಿಸಿ ಅರಚಿದ. ಆಗ ಅವನು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದ.

ನಗಬೇಡ ಸುಬ್ರಾಯ. ಪಾದ ತಣ್ಣಗಾದದ್ದೂ ಅವನಿಗೆ ಗೊತ್ತಾಗಿತ್ತು. ಆದರೂ ಚಕ್ರದತ್ತಲೇ ನೋಡುತ್ತಿದ್ದ, ಅದೀಗ ಬಲಕ್ಕೆ ಹೊರಳೀತು ಎಂದು ಕಾಯುತ್ತಿದ್ದ. ಅದು ಹೊರಳಲಿಲ್ಲ. ಏರಿ ಒಡೆದು ಬಂದ ನೀರು ಚಾಪೆಗಳನ್ನು ಕೆಡವಿ, ಅವಳಿ ಚಕ್ರಗಳಲ್ಲಿ ಒಂದನ್ನು ಉರುಳಿಸಿ, ಹೂ ಬಿಟ್ಟ ಬದನೆಯನ್ನು ಬೇರು ಸಹಿತ ಎತ್ತಿಕೊಂಡು ಹೋಯಿತು. ಬಡಗಿ ಓಡಿಹೋಗಿ ಒಡೆದ ಏರಿಗೆ ಎರಡು ಕೈಯಲ್ಲೂ ಮಣ್ಣು ಹಾಕಿದ. ತುಂಬಾ ತಡವಾಗಿತ್ತು. ಮುದುಕಿ ಬಂದು ತನ್ನ ಗುದ್ದಲಿಯಿಂದ ಕಟ್ಟಿಕೊಟ್ಟಳು.

ಅವನು ಕೆಸರುಗಾಲಲ್ಲೇ ಹಿರಿಯನ ಮನೆಗೆ ಹೋದ. “ಆ ಚಕ್ರದಲ್ಲಿ ಏನು ಬಚ್ಚಿಟ್ಟಿದ್ದೀರಿ, ಈಗಲಾದರೂ ಹೇಳಿ. ನನ್ನ ಮನೆ ಹಾಳಾಯಿತು” ಎಂದ.

ಹಿರಿಯ ಹೇಳಿದ: “ಏನೂ ಬಚ್ಚಿಟ್ಟಿಲ್ಲಪ್ಪ. ತುಂಬಿದ್ದು ಇಳಿಯುತ್ತದೆ, ಬರಿದಾದದ್ದು ಏರುತ್ತದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಹೊರಳುವ ಹೊತ್ತಿಗೆ ನಾನೂ ಬಾಯಿ ಬಿಟ್ಟುಕೊಂಡು ನೋಡುತ್ತೇನೆ.”

ಬಡಗಿ ಹೊರಗೆ ಬಂದ. ದಾರಿಯಲ್ಲಿ ದೊಡ್ಡ ಚಕ್ರ ತಿರುಗುತ್ತಿತ್ತು. ಎಷ್ಟೋ ದಿನದ ಮೇಲೆ ಅವನು ಅದನ್ನು ನೋಡಿದ. ಅವಳಿ ಚಕ್ರ ಮಾಡಿದಂದಿನಿಂದ ಬೆಳಗಿನ ಶಂಖ ಕೇಳಿದ ಮೇಲೆ ಅದರತ್ತ ತಿರುಗಿಯೂ ನೋಡಿರಲಿಲ್ಲ. ಈ ಕ್ಷಣ ಯಾವ ಗಡಿಗೆ ತುಂಬಿದೆ, ಯಾವುದು ಅರ್ಧ, ಯಾವುದು ಬರಿದು, ಎಲ್ಲ ಕಣ್ಣೆದುರಿಗೇ ಇತ್ತು.

ಅವನು ಮನೆಗೆ ಓಡಿದ. ಉಳಿದ ಚಿಕ್ಕ ಚಕ್ರವನ್ನು ನಿಲ್ಲಿಸಿ, ತಾನು ಕಂಡಂತೆಯೇ ಅದರ ಗಡಿಗೆಗಳನ್ನು ತುಂಬಿಸಿ, ಬರಿದು ಮಾಡಿ, ಬಿಟ್ಟ. ಅದು ಮುಂದಿನ ಒಂದೆರಡು ಹೊರಳು ಸರಿಯಾಗಿ ಹೇಳಿತು. ಮಡೆಗೆ ಹೋಗಿ ನಿಲ್ಲಲು ಅಷ್ಟು ಹೊತ್ತು ಸಾಕು. ಅದು ದಾರಿ ಬಿಡುವ ಮೊದಲೇ ಮತ್ತೆ ಒರತೆಗೆ ಓಡಿದ, ಮತ್ತೆ ನೋಡಿದ, ಮತ್ತೆ ಬಂದು ತುಂಬಿಸಿದ. ಸಂಜೆಯ ಮಾತನ್ನು ಬೆಳಿಗ್ಗೆ ಹೇಳುವುದನ್ನು ಬಿಟ್ಟ. ಕೇಳಿದವರಿಗೆ, ಈಗಿನ ಹೊರಳು ಇಂಥದು, ಆಮೇಲಿನದು ಬಹುಶಃ ಇಂಥದು, ಅದರಾಚೆ ನನಗೆ ಗೊತ್ತಿಲ್ಲ ಅನ್ನುತ್ತಿದ್ದ. ಗೊತ್ತಿಲ್ಲ ಅನ್ನುವಾಗ ಮೊದಮೊದಲು ನಾಲಿಗೆ ತೊಡರುತ್ತಿತ್ತು.

ಹೆಂಡತಿ ತವರಿನಿಂದ ಬಂದು ತೋಟ ನೋಡಿ ಬಾಯಿಗೆ ಬಂದಂತೆ ಬೈದಳು. ಆಮೇಲೆ ಹೊಸ ಬೀಜ ಬಿತ್ತಿದಳು. ಬಡಗಿ ಬದುಕಿದಷ್ಟು ದಿನವೂ ಒರತೆಗೂ ಹಿತ್ತಲಿಗೂ ಓಡಾಡುತ್ತಲೇ ಇದ್ದ. ನೆಮ್ಮದಿಯೇನೂ ಸಿಗಲಿಲ್ಲ. ನೀರು ಸಿಕ್ಕಿತು.

ಜೋಯಿಸರು ಕತೆ ನಿಲ್ಲಿಸಿದರು. ಮುಂದೇನೋ ಇದೆ ಎಂದು ಸುಬ್ರಾಯ ಕಾದ.

ಅವನಿಗೆ ಬಡಗಿಯ ಮೇಲೆ ಸಿಟ್ಟು ಬಂದಿತ್ತು, ಯಾಕೆಂದು ತಿಳಿಯಲಿಲ್ಲ. ಗಡಿಗೆ, ನೊಣ, ಒನಕೆ ಎಲ್ಲವೂ ತಲೆಯೊಳಗೆ ತಿರುಗುತ್ತಿದ್ದವು. ಅಷ್ಟರ ನಡುವೆಯೂ ಅವನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡುತ್ತ ಎಣಿಸುತ್ತಿತ್ತು. ನಾಲ್ಕು ಅಂಕಿ ಸಾಲದು, ಆರು ಹಿಡಿಯಬೇಕು ಎಂದು ಒಳಗೊಳಗೇ ಯಾರೋ ಹೇಳುತ್ತಿದ್ದರು.

“ಹಾಗಾದರೆ ಲೆಕ್ಕವನ್ನೇ ಬಿಡಬೇಕೇ?” ಎಂದು ಕೊನೆಗೆ ಕೇಳಿದ. “ಆ ಬೀರಮ್ಮನ ಮುಂದೆ ಹೋಗಿ, ನನಗೆ ಏನೂ ಗೊತ್ತಿಲ್ಲ ಅನ್ನಲೇ? ಹದಿನೈದು ದಿನದ ಮಳೆ ಹೇಳಿದವನು ನಾನು. ಒಂದು ಸಲ ಅವಳ ಉಪ್ಪು ಕರಗಿಸಿದ್ದೇನೆ. ಇನ್ನೊಂದು ಸಲ ತಪ್ಪಬಾರದು ಅಂತಲೇ ಬೆಳಗಿನಿಂದ ಅನ್ನ ನೀರು ಬಿಟ್ಟು ಕೂತಿದ್ದೇನೆ ಗುರುಗಳೇ. ಇನ್ನೊಂದು ದಿನ ಕೊಡಿ. ಒಂದೇ ದಿನ. ಕೂದಲೆಳೆಯಷ್ಟೂ ಬಿಡದೆ ಲೆಕ್ಕ ಮಾಡುತ್ತೇನೆ.”

“ಅವಳಿಗೆ ಉತ್ತರ ಬೇಕಾದದ್ದು ಇವತ್ತು” ಎಂದರು ಜೋಯಿಸರು.

“ಗೊತ್ತು. ಆದರೆ ಇವತ್ತು ಏನು ಹೇಳಲಿ? ಬಾಚಿ ಅಂದು ಮಳೆ ಬಾರದಿದ್ದರೆ ಅರ್ಧ ಬೆಳೆ ಹೋಯಿತು. ಬಿಡಿ ಅಂದು ಮಳೆ ಬಂದರೆ ಎಲ್ಲ ಹೋಯಿತು. ಯಾವುದನ್ನು ನೋಡಿ ಹೇಳಲಿ?”

ಜೋಯಿಸರು ಹೆಗಲ ವಸ್ತ್ರ ಕೊಡವಿ ಎದ್ದರು. ಶಿಷ್ಯನ ಹತ್ತಿರ ಬಂದು, ಅವನ ಕೈಯಲ್ಲಿದ್ದ ಹಲಗೆಯನ್ನು ಮೆಲ್ಲಗೆ ತೆಗೆದುಕೊಂಡು, ಅದರ ತುಂಬ ಇದ್ದ ಅಂಕಿಗಳನ್ನು ಒಂದು ಗಳಿಗೆ ನೋಡಿದರು. ಬರಹ ಅಚ್ಚುಕಟ್ಟಾಗಿತ್ತು. ಒಂದು ಕಡೆಯೂ ತಪ್ಪಿರಲಿಲ್ಲ. ಆದರೆ ಎಲ್ಲವೂ ಹಳೆಯ ದಿನಗಳ ಅಂಕಿಗಳು, ಇವತ್ತಿನದು ಒಂದೂ ಇರಲಿಲ್ಲ.

“ಈಗ, ಈ ಗಳಿಗೆಯಲ್ಲಿ, ಹೊರಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಸುಬ್ರಾಯ?”